ಮೆದುಳಿನ ಪೆಟ್ ಸ್ಕ್ಯಾನ್: ಆ ಬಣ್ಣಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ಕಳೆದ ವರ್ಷ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಪಕ್ಕಪಕ್ಕದಲ್ಲಿ ಎರಡು ಮೆದುಳು. ಒಂದರ ತುಂಬ ಕೆಂಪು, ಹಳದಿ. ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ನೀಲಿ. ಕೆಳಗೆ 'ಆರೋಗ್ಯವಂತರ ಮೆದುಳು, ಖಿನ್ನತೆ ಇರುವವರ ಮೆದುಳು' ಎಂದು ಬರೆದಿತ್ತು. ಆ ಹೊತ್ತಿಗೆ ನಮ್ಮ ಅಜ್ಜಿಗೆ ಮರೆವು ಶುರುವಾಗಿ ಒಂದು ವರ್ಷವಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುತ್ತಿದ್ದರು. ಚಿತ್ರ ನೋಡಿದ ಚಿಕ್ಕಪ್ಪ, "ಅಮ್ಮನಿಗೂ ಇಂಥದ್ದೊಂದು ಮಾಡಿಸಿಬಿಡೋಣ, ಏನಾಗಿದೆ ಅಂತ ಕಣ್ಣಾರೆ ಗೊತ್ತಾಗುತ್ತಲ್ಲ" ಎಂದರು. ಅತ್ತೆಗೆ ಬೇರೆಯೇ ಭಯ: "ಅದರಲ್ಲಿ ಏನೂ ಇಲ್ಲ ಅಂತ ಬಂದರೆ, ಅಮ್ಮ ಬೇಕಂತಲೇ ಹೀಗೆ ಮಾಡ್ತಿದ್ದಾಳೆ ಅಂತ ಎಲ್ಲರೂ ಅಂದುಕೊಳ್ಳಲ್ವಾ?"

ಇಬ್ಬರ ಮಾತಿನಲ್ಲೂ ಇದ್ದದ್ದು ಒಂದೇ ನಂಬಿಕೆ. ಮೆದುಳಿನ ಬಣ್ಣದ ಚಿತ್ರ ಸುಳ್ಳು ಹೇಳುವುದಿಲ್ಲ, ಒಳಗಿರುವುದನ್ನು ಇದ್ದ ಹಾಗೆ ತೋರಿಸುತ್ತದೆ ಎಂಬ ನಂಬಿಕೆ. ಇಂಥ ಚಿತ್ರಗಳು ಬರುವುದು ಪೆಟ್ ಸ್ಕ್ಯಾನ್‌ನಿಂದ. ಪೆಟ್ ಎಂದರೆ ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ. ಈ ತಂತ್ರಜ್ಞಾನ ಕಳೆದ ಐವತ್ತು ವರ್ಷಗಳಲ್ಲಿ ಮೆದುಳಿನ ಬಗ್ಗೆ ನಮಗಿದ್ದ ತಿಳಿವಳಿಕೆಯನ್ನೇ ಬದಲಿಸಿದೆ. ಆದರೆ ಅದರ ಚಿತ್ರಗಳನ್ನು ಓದುವುದು ನಾವಂದುಕೊಂಡಷ್ಟು ಸುಲಭವಲ್ಲ. ಅದು ಹೇಗೆ ಕೆಲಸ ಮಾಡುತ್ತದೆ, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಫೋಟೋ ಅಲ್ಲ, ಲೆಕ್ಕ

ಎಕ್ಸ್-ರೇ, ಸಿಟಿ ಸ್ಕ್ಯಾನ್, ಸಾಮಾನ್ಯ ಎಂಆರ್‌ಐ ಇವೆಲ್ಲ ದೇಹದ ರಚನೆಯನ್ನು ತೋರಿಸುತ್ತವೆ. ಮೂಳೆ ಎಲ್ಲಿ ಮುರಿದಿದೆ, ಮೆದುಳಿನಲ್ಲಿ ಗಡ್ಡೆ ಇದೆಯೇ, ರಕ್ತ ಸೋರಿದೆಯೇ ಎಂಬುದು ಅವುಗಳಲ್ಲಿ ಕಾಣುತ್ತದೆ. ಪೆಟ್ ಹಾಗಲ್ಲ. ದೇಹದೊಳಗೆ ನಾವೇ ಕಳಿಸಿದ ಒಂದು ವಸ್ತು ಎಲ್ಲೆಲ್ಲಿಗೆ, ಎಷ್ಟೆಷ್ಟು ಹೋಗಿ ಸೇರಿತು ಎಂಬುದನ್ನು ಅದು ಎಣಿಸುತ್ತದೆ. ಮನೆಯ ನಕ್ಷೆ ನೋಡುವುದಕ್ಕೂ, ಯಾವ ಕೋಣೆಯಲ್ಲಿ ಎಷ್ಟು ಕರೆಂಟ್ ಖರ್ಚಾಗುತ್ತಿದೆ ಎಂದು ನೋಡುವುದಕ್ಕೂ ಇರುವ ವ್ಯತ್ಯಾಸ ಇದು.

ಹೆಚ್ಚಾಗಿ ಬಳಸುವ ವಸ್ತು ಎಫ್‌ಡಿಜಿ, ಅಂದರೆ ಫ್ಲೋರೋಡಿಆಕ್ಸಿಗ್ಲೂಕೋಸ್. ಇದು ಗ್ಲೂಕೋಸ್‌ನಂಥದ್ದೇ ಸಕ್ಕರೆ. ಒಂದು ಜಾಗದಲ್ಲಿ ಮಾತ್ರ ವಿಕಿರಣ ಸೂಸುವ ಫ್ಲೋರಿನ್-18 ಪರಮಾಣುವನ್ನು ಅಂಟಿಸಿರುತ್ತಾರೆ. ಜೀವಕೋಶ ಇದನ್ನು ನಿಜವಾದ ಸಕ್ಕರೆ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ, ಜೀರ್ಣಿಸುವ ಮೊದಲ ಹೆಜ್ಜೆಯನ್ನೂ ಇಡುತ್ತದೆ. ಆದರೆ ಎರಡನೇ ಹೆಜ್ಜೆಗೆ ಈ ನಕಲಿ ಸಕ್ಕರೆ ಒಗ್ಗುವುದಿಲ್ಲ. ಮುಂದಕ್ಕೂ ಹೋಗಲಾಗದೆ, ಹೊರಕ್ಕೂ ಬರಲಾಗದೆ ಅದು ಕೋಶದೊಳಗೇ ಉಳಿದುಬಿಡುತ್ತದೆ. ಯಾವ ಭಾಗ ಹೆಚ್ಚು ಸಕ್ಕರೆ ಬಳಸುತ್ತದೋ ಅಲ್ಲಿ ಇದು ಹೆಚ್ಚು ಸೇರಿಕೊಳ್ಳುತ್ತದೆ.

ಸೇರಿಕೊಂಡಿದ್ದು ಗೊತ್ತಾಗುವುದು ಹೇಗೆ? ಫ್ಲೋರಿನ್-18 ಒಡೆದಾಗ ಪಾಸಿಟ್ರಾನ್ ಎಂಬ ಕಣ ಹೊರಬರುತ್ತದೆ. ಇದು ಎಲೆಕ್ಟ್ರಾನ್‌ನ ಪ್ರತಿಕಣ; ತೂಕ ಒಂದೇ, ವಿದ್ಯುದಂಶ ಮಾತ್ರ ವಿರುದ್ಧ. ಅಮೆರಿಕದ ಕಾರ್ಲ್ ಆಂಡರ್ಸನ್ 1932ರಲ್ಲಿ ಇದನ್ನು ಪತ್ತೆ ಮಾಡಿದರು. ಪಾಸಿಟ್ರಾನ್ ಸ್ವಲ್ಪವೇ ದೂರ ಹೋಗಿ ಅಲ್ಲೇ ಇರುವ ಒಂದು ಎಲೆಕ್ಟ್ರಾನ್ ಜೊತೆ ಸೇರಿ ಎರಡೂ ಇಲ್ಲವಾಗುತ್ತವೆ. ಅವುಗಳ ಜಾಗದಲ್ಲಿ ಎರಡು ಗಾಮಾ ಕಿರಣಗಳು ಹುಟ್ಟಿ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಓಡುತ್ತವೆ.

ರೋಗಿಯ ತಲೆಯ ಸುತ್ತ ಬಳೆಯ ಹಾಗೆ ಜೋಡಿಸಿದ ಪತ್ತೆಯಂತ್ರಗಳಿರುತ್ತವೆ. ಎದುರು ಬದುರಿನ ಎರಡು ಪತ್ತೆಯಂತ್ರಗಳಿಗೆ ಕೆಲವೇ ನ್ಯಾನೋಸೆಕೆಂಡುಗಳ ಅಂತರದಲ್ಲಿ ಕಿರಣ ತಾಗಿದರೆ, ಅವೆರಡನ್ನೂ ಸೇರಿಸುವ ಗೆರೆಯ ಮೇಲೆ ಎಲ್ಲೋ ಒಂದು ಪಾಸಿಟ್ರಾನ್ ಇತ್ತು ಎಂದು ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ. ಇಂಥ ಲಕ್ಷಾಂತರ ಗೆರೆಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ, ಯಾವ ಜಾಗದಿಂದ ಎಷ್ಟು ಬಂತು ಎಂಬ ಪಟ್ಟಿ ಸಿಗುತ್ತದೆ. ಆ ಅಂಕಿಗಳಿಗೆ ಬಣ್ಣ ತುಂಬಿದರೆ ನಾವು ನೋಡುವ ಚಿತ್ರ.

ಬಣ್ಣ ತುಂಬುವವರು ಮನುಷ್ಯರು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮೆದುಳಿನಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಎಷ್ಟರಿಂದ ಮೇಲೆ ಕೆಂಪು, ಎಷ್ಟರಿಂದ ಕೆಳಗೆ ನೀಲಿ ಎಂಬುದನ್ನು ಕಂಪ್ಯೂಟರಿನ ಮುಂದೆ ಕೂತವರು ಆರಿಸುತ್ತಾರೆ. ಆ ಗೆರೆಯನ್ನು ಸ್ವಲ್ಪ ಸರಿಸಿದರೆ ಶೇಕಡಾ 5ರ ವ್ಯತ್ಯಾಸವೂ ಬೆಂಕಿ ಮತ್ತು ಮಂಜಿನಷ್ಟು ದೊಡ್ಡದಾಗಿ ಕಾಣಬಹುದು.

ಯಂತ್ರ ತೋರಿಸುವುದು ಕಳೆದ ಅರ್ಧ ಗಂಟೆಯನ್ನು

ಮೆದುಳಿನ ಪೆಟ್ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಒಂದು ಸಂಗತಿ ವಿಚಿತ್ರ ಎನಿಸಿರಬಹುದು. ಇಂಜೆಕ್ಷನ್ ಕೊಟ್ಟ ಮೇಲೆ ನೇರವಾಗಿ ಯಂತ್ರದೊಳಗೆ ಕಳಿಸುವುದಿಲ್ಲ. ಮಂದ ಬೆಳಕಿನ, ಸದ್ದಿಲ್ಲದ ಕೋಣೆಯಲ್ಲಿ ಸುಮಾರು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಸುಮ್ಮನೆ ಇರಲು ಹೇಳುತ್ತಾರೆ. ಮಾತನಾಡಬೇಡಿ, ಮೊಬೈಲ್ ನೋಡಬೇಡಿ, ಓದಬೇಡಿ ಎನ್ನುತ್ತಾರೆ. ಬರೀ ಕಾಯಿಸುತ್ತಿದ್ದಾರೆ ಎಂದು ಬೇಸರವಾಗುತ್ತದೆ.

ನಿಜವಾದ ಪರೀಕ್ಷೆ ನಡೆಯುವುದು ಆ ಹೊತ್ತಿನಲ್ಲೇ. ನಕಲಿ ಸಕ್ಕರೆ ಕೋಶಗಳಲ್ಲಿ ಸೇರಿಕೊಳ್ಳುವುದು ಆಗ. ಕಣ್ಣು ಬಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದರೆ ಮೆದುಳಿನ ಹಿಂಭಾಗದ ದೃಷ್ಟಿಯ ಪ್ರದೇಶ ಹೆಚ್ಚು ಸಕ್ಕರೆ ಎಳೆದುಕೊಂಡಿರುತ್ತದೆ. ಆಮೇಲೆ ಯಂತ್ರದೊಳಗೆ ಮಲಗಿದಾಗ ಸಿಗುವುದು ಆ ಕ್ಷಣದ ಮೆದುಳಲ್ಲ; ಕಾಯುವ ಕೋಣೆಯಲ್ಲಿ ಕಳೆದ ಅರ್ಧ ಗಂಟೆಯ ಒಟ್ಟು ಮೊತ್ತ. ಮಗಳ ಜೊತೆ ಜಗಳವಾಡಿ, ಆತಂಕದಲ್ಲೇ ಕುಳಿತಿದ್ದರೆ ಅದೂ ಮೊತ್ತಕ್ಕೆ ಸೇರುತ್ತದೆ. ಪೆಟ್ ಚಿತ್ರ ನೋಡಿ 'ಈ ಕ್ಷಣ ಅವರು ಏನು ಯೋಚಿಸುತ್ತಿದ್ದಾರೆ' ಎಂದು ಹೇಳಲು ಸಾಧ್ಯವೇ ಇಲ್ಲ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಇನ್ನೊಂದು ಕಾರಣ ಅಳತೆಯದು. ಆಸ್ಪತ್ರೆಗಳಲ್ಲಿರುವ ಸಾಮಾನ್ಯ ಪೆಟ್ ಯಂತ್ರ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ಜಾಗ ಸುಮಾರು 4ರಿಂದ 5 ಮಿಲಿಮೀಟರ್. ಒಂದು ತೊಗರಿಕಾಳಿನಷ್ಟು. ಅಷ್ಟರೊಳಗೆ ಲಕ್ಷಾಂತರ ನರಕೋಶಗಳಿರುತ್ತವೆ. ವಿಮಾನದಲ್ಲಿ ಕುಳಿತು ರಾತ್ರಿ ಊರಿನ ದೀಪ ನೋಡಿದರೆ ಯಾವ ಬಡಾವಣೆ ಎಚ್ಚರವಿದೆ ಎಂದು ಹೇಳಬಹುದು, ಯಾವ ಮನೆಯಲ್ಲಿ ಏನು ಮಾತು ನಡೆದಿದೆ ಎಂದು ಹೇಳಲಾಗದು.

ಇಲ್ಲಿಯವರೆಗೆ ಬಂದದ್ದು ಹೇಗೆ?

ಪೆಟ್ ಬರುವ ಮೊದಲೂ ಬದುಕಿರುವ ಮನುಷ್ಯನ ಮೆದುಳು ಎಷ್ಟು ಶಕ್ತಿ ಬಳಸುತ್ತದೆ ಎಂದು ಅಳೆಯುವ ಪ್ರಯತ್ನ ನಡೆದಿತ್ತು. 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಇಡೀ ಮೆದುಳಿಗೆ ಹರಿಯುವ ರಕ್ತವನ್ನು ಅಳೆಯುವ ದಾರಿ ಕಂಡುಕೊಂಡರು. 1955ರಲ್ಲಿ ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು ಈ ವಿಧಾನ ಬಳಸಿ, ಬಾಯಿಲೆಕ್ಕ ಮಾಡುವಾಗ ಮೆದುಳು ಹೆಚ್ಚು ಆಮ್ಲಜನಕ ಬಳಸುತ್ತದೆಯೇ ಎಂದು ನೋಡಿದರು. ಒಟ್ಟು ಬಳಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ! ಸುಮ್ಮನೆ ಮಲಗಿದ್ದರೂ ಅಷ್ಟೇ, ಲೆಕ್ಕ ಮಾಡಿದರೂ ಅಷ್ಟೇ. ಬದಲಾವಣೆ ಇದ್ದರೆ ಅದು ಮೆದುಳಿನ ಒಳಗೆ, ಬೇರೆ ಬೇರೆ ಭಾಗಗಳ ನಡುವೆ ಇರಬೇಕು. ಅದನ್ನು ನೋಡಲು ಹೊಸ ಉಪಕರಣ ಬೇಕಿತ್ತು.

1970ರ ದಶಕದ ಮಧ್ಯದಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಟೆರ್-ಪೊಗೊಸಿಯನ್, ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ ಅವರ ತಂಡ ಪೆಟ್ ಯಂತ್ರ ಕಟ್ಟಿತು. ಇದೇ ಹೊತ್ತಿಗೆ ಇನ್ನೊಂದು ಕಡೆ ಎಫ್‌ಡಿಜಿ ಸಿದ್ಧವಾಗುತ್ತಿತ್ತು. 1976ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿ, ವಿಮಾನದಲ್ಲಿ ಫಿಲಡೆಲ್ಫಿಯಾಗೆ ಒಯ್ದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಬಾಸ್ ಅಲಾವಿ ಇಬ್ಬರು ಸ್ವಯಂಸೇವಕರಿಗೆ ಕೊಟ್ಟರು. ಅಂದು ಬಳಸಿದ್ದು ಇನ್ನೂ ಹಳೆಯ ಮಾದರಿಯ ಯಂತ್ರ. ಆದರೂ ಮನುಷ್ಯನ ಮೆದುಳು ಎಲ್ಲೆಲ್ಲಿ ಸಕ್ಕರೆ ಬಳಸುತ್ತದೆ ಎಂಬುದು ಮೊದಲ ಸಲ ಚಿತ್ರವಾಗಿ ಬಂತು.

ವಿಮಾನ ಯಾಕೆ ಎಂದರೆ, ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಂದರೆ ಪ್ರತಿ 110 ನಿಮಿಷಕ್ಕೆ ಅದು ಅರ್ಧದಷ್ಟು ಕರಗಿಹೋಗುತ್ತದೆ. ಸಂಶೋಧನೆಯಲ್ಲಿ ಬಳಸುವ ಕಾರ್ಬನ್-11ಕ್ಕೆ 20 ನಿಮಿಷ, ಆಕ್ಸಿಜನ್-15ಕ್ಕೆ ಬರೀ 2 ನಿಮಿಷ. ಹೀಗಾಗಿ ಇವನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲೇ ಇರಬೇಕು. ಪೆಟ್ ದುಬಾರಿಯಾಗಿರುವುದಕ್ಕೂ ದೊಡ್ಡ ನಗರಗಳಲ್ಲಿ ಮಾತ್ರ ಹೆಚ್ಚಾಗಿ ಸಿಗುವುದಕ್ಕೂ ಇದು ಮುಖ್ಯ ಕಾರಣ. ಭಾರತದಲ್ಲಿ ಪೆಟ್ ಮೊದಲು ಶುರುವಾದದ್ದು 2002ರಲ್ಲಿ, ಮುಂಬೈಯ ರೇಡಿಯೇಶನ್ ಮೆಡಿಸಿನ್ ಸೆಂಟರ್‌ನಲ್ಲಿ.

'ಮೆದುಳಿನ ಶೇಕಡಾ 10 ಮಾತ್ರ ಬಳಸುತ್ತೇವೆ' ಎಂಬ ಮಾತು

ನಾವು ಮೆದುಳಿನ ಹತ್ತನೇ ಒಂದು ಭಾಗವನ್ನಷ್ಟೇ ಬಳಸುತ್ತೇವೆ, ಉಳಿದದ್ದನ್ನು ಎಬ್ಬಿಸಿದರೆ ಅದ್ಭುತ ಶಕ್ತಿ ಬರುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ನೆನಪಿನ ಶಕ್ತಿ ಹೆಚ್ಚಿಸುವ ಕೋರ್ಸ್‌ಗಳನ್ನು ಮಾರುವವರಿಗೆ ಇದು ಬಹಳ ಪ್ರಿಯವಾದ ಮಾತು. ಪೆಟ್ ಚಿತ್ರಗಳು ಇದಕ್ಕೆ ನೇರ ಉತ್ತರ.

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇಕಡಾ 2. ಆದರೆ ನಾವು ಸುಮ್ಮನಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಅದೊಂದೇ ತಿನ್ನುತ್ತದೆ. ಆರೋಗ್ಯವಂತರ ಪೆಟ್ ಚಿತ್ರದಲ್ಲಿ ಕತ್ತಲಾಗಿ ಖಾಲಿ ಬಿದ್ದಿರುವ ಶೇಕಡಾ 90 ಎಲ್ಲೂ ಕಾಣುವುದಿಲ್ಲ. ಗಾಢ ನಿದ್ದೆಯಲ್ಲಿ ಸಕ್ಕರೆಯ ಬಳಕೆ ಬಹಳ ಇಳಿಯುತ್ತದೆ, ಆದರೂ ನಿಂತುಹೋಗುವುದಿಲ್ಲ. ಕನಸು ಬೀಳುವ ನಿದ್ದೆಯಲ್ಲಂತೂ ಎಚ್ಚರದ ಮಟ್ಟಕ್ಕೇ ಬರುತ್ತದೆ.

ಹಾಗಾದರೆ 'ಓದುವಾಗ ಈ ಭಾಗ ಬೆಳಗುತ್ತದೆ' ಎಂದು ತೋರಿಸುವ ಚಿತ್ರಗಳಲ್ಲಿ ಉಳಿದದ್ದೆಲ್ಲ ಯಾಕೆ ಕಪ್ಪಾಗಿರುತ್ತದೆ? ಅದು ಕಳೆದು ಉಳಿದ ಲೆಕ್ಕ. 1988ರಲ್ಲಿ ಸ್ಟೀವನ್ ಪೀಟರ್ಸನ್, ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಇದಕ್ಕೆ ಪ್ರಸಿದ್ಧ ಉದಾಹರಣೆ. ಆಕ್ಸಿಜನ್-15 ಇರುವ ನೀರನ್ನು ರಕ್ತಕ್ಕೆ ಬಿಟ್ಟು, ಮೆದುಳಿನಲ್ಲಿ ರಕ್ತ ಎಲ್ಲಿ ಹೆಚ್ಚು ಹರಿಯುತ್ತದೆ ಎಂದು ನೋಡಿದರು. ಮೊದಲು ಪರದೆಯ ಮೇಲಿನ ಒಂದು ಗುರುತನ್ನು ಮಾತ್ರ ನೋಡಬೇಕು. ನಂತರ ಪದಗಳನ್ನು ಸುಮ್ಮನೆ ನೋಡಬೇಕು ಅಥವಾ ಕೇಳಬೇಕು. ನಂತರ ಆ ಪದವನ್ನು ಬಾಯಿಬಿಟ್ಟು ಹೇಳಬೇಕು. ಕೊನೆಗೆ ಆ ಪದಕ್ಕೆ ಹೊಂದುವ ಕ್ರಿಯಾಪದ ಹೇಳಬೇಕು. 'ಚೆಂಡು' ಎಂದರೆ 'ಎಸೆ' ಎನ್ನುವ ಹಾಗೆ. ಒಂದೊಂದು ಹಂತದ ಚಿತ್ರದಿಂದ ಹಿಂದಿನ ಹಂತದ ಚಿತ್ರವನ್ನು ಕಳೆದರೆ ಆ ಹಂತದಲ್ಲಿ ಹೊಸದಾಗಿ ಸೇರಿದ ಕೆಲಸ ಮಾತ್ರ ಉಳಿಯುತ್ತದೆ. ಪದ ನೋಡಿದಾಗ ಹಿಂಭಾಗ, ಕೇಳಿದಾಗ ಕಿವಿಯ ಹತ್ತಿರದ ಭಾಗ, ಅರ್ಥ ಹುಡುಕಿ ಕ್ರಿಯಾಪದ ಹೇಳುವಾಗ ಎಡಗಡೆಯ ಮುಂಭಾಗ.

ನಾವು ಪತ್ರಿಕೆಯಲ್ಲಿ ನೋಡುವುದು ಈ ಉಳಿಕೆಯನ್ನು, ಅದೂ ಹಲವರ ಸರಾಸರಿಯನ್ನು. ಕಪ್ಪಾಗಿ ಕಾಣುವ ಜಾಗ ಕೆಲಸ ಮಾಡುತ್ತಿಲ್ಲ ಎಂದಲ್ಲ. ಎರಡೂ ಹಂತದಲ್ಲಿ ಒಂದೇ ಸಮ ಕೆಲಸ ಮಾಡುತ್ತಿತ್ತು ಎಂದರ್ಥ. ಒಂದು ನಿರ್ದಿಷ್ಟ ಕೆಲಸಕ್ಕೆಂದು ಮೆದುಳು ಹೆಚ್ಚುವರಿಯಾಗಿ ಬಳಸುವ ಶಕ್ತಿ ಸಾಮಾನ್ಯವಾಗಿ ಶೇಕಡಾ 5ಕ್ಕೂ ಕಡಿಮೆ. ಉಳಿದ ಖರ್ಚೆಲ್ಲ ಸದಾ ನಡೆಯುತ್ತಿರುವ ಒಳಗಿನ ಕೆಲಸಕ್ಕೆ.

ಈ ಒಳಗಿನ ಕೆಲಸ ಏನು ಎಂಬ ಪ್ರಶ್ನೆಯಿಂದಲೇ ಇನ್ನೊಂದು ಸಂಗತಿ ತಿಳಿಯಿತು. ಜನ ಏನಾದರೂ ಕೆಲಸಕ್ಕೆ ಗಮನ ಕೊಟ್ಟಾಗ ಕೆಲವು ಭಾಗಗಳಲ್ಲಿ ಚಟುವಟಿಕೆ ಇಳಿಯುತ್ತಿತ್ತು, ಸುಮ್ಮನಿದ್ದಾಗ ಏರುತ್ತಿತ್ತು. 2001ರಲ್ಲಿ ರೈಕ್ಲ್ ಮತ್ತು ಸಂಗಡಿಗರು ಇದನ್ನು ಮೆದುಳಿನ 'ಡೀಫಾಲ್ಟ್ ಮೋಡ್' ಎಂದು ಕರೆದರು. ಹಳೆಯದನ್ನು ನೆನೆಯುವುದು, ನಾಳೆಯ ಬಗ್ಗೆ ಯೋಚಿಸುವುದು, ಬೇರೆಯವರ ಮನಸ್ಸಿನಲ್ಲೇನಿದೆ ಎಂದು ಊಹಿಸುವುದು ಇಂಥ ಕೆಲಸಗಳ ಜೊತೆ ಈ ಜಾಲಕ್ಕೆ ಸಂಬಂಧವಿದೆ. ಸುಮ್ಮನೆ ಕೂತವರ ಮೆದುಳು ಸುಮ್ಮನಿರುವುದಿಲ್ಲ.

ಹೆಚ್ಚು ಕೆಂಪು ಎಂದರೆ ಹೆಚ್ಚು ಬುದ್ಧಿಯೇ?

ಹಾಗೇನಿಲ್ಲ. ಕೆಲವು ಸಲ ಉಲ್ಟಾ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಹೇಯರ್ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವಕರಿಗೆ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿದರು. ಮೊದಲ ದಿನ ಒಮ್ಮೆ ಪೆಟ್ ಮಾಡಿ, ಕೆಲವು ವಾರ ದಿನವೂ ಆಡಿಸಿ ಮತ್ತೆ ಮಾಡಿದರು. ಆಟದಲ್ಲಿ ಎಷ್ಟೋ ಪಾಲು ಪಳಗಿದ್ದರು, ಆದರೆ ಮೆದುಳು ಬಳಸಿದ ಸಕ್ಕರೆ ಕಡಿಮೆಯಾಗಿತ್ತು. ಹೊಸದಾಗಿ ಸೈಕಲ್ ಕಲಿಯುವವನು ಮೈಯೆಲ್ಲ ಬಿಗಿಹಿಡಿದು ಬೆವರುತ್ತಾನೆ. ಕಲಿತವನು ಒಂದು ಕೈ ಬಿಟ್ಟು ಹೋಗುತ್ತಾನೆ. ಹಾಗೆಯೇ ಇದು ಎಂದು ಹೇಯರ್ ವಿವರಿಸಿದರು. ಇದು ಬೆರಳೆಣಿಕೆಯ ಜನರ ಮೇಲೆ ಮಾಡಿದ ಪ್ರಯೋಗ. ಎಲ್ಲ ಕೆಲಸಕ್ಕೂ ಹೀಗೇ ಎಂದು ಹೇಳಲಾಗದು. ಆದರೆ 'ಬಣ್ಣ ಹೆಚ್ಚು, ಬುದ್ಧಿ ಹೆಚ್ಚು' ಎಂಬ ಸರಳ ಸೂತ್ರ ನಿಲ್ಲುವುದಿಲ್ಲ ಎನ್ನಲು ಸಾಕು.

ಸಕ್ಕರೆಯಷ್ಟೇ ಅಲ್ಲ, ಮೆದುಳಿನ ರಾಸಾಯನಿಕಗಳೂ

ಎಂಆರ್‌ಐ ಬಳಸಿಯೇ ಮೆದುಳಿನ ಚಟುವಟಿಕೆ ನೋಡುವ ವಿಧಾನ 1990ರ ದಶಕದಲ್ಲಿ ಬಂತು. ಅದಕ್ಕೆ ವಿಕಿರಣ ಬೇಡ, ವೇಗವೂ ಹೆಚ್ಚು. ಯೋಚನೆ, ಗಮನ, ನೆನಪಿನ ಅಧ್ಯಯನಗಳು ಹೆಚ್ಚಾಗಿ ಅತ್ತ ಹೋದವು. ಆದರೆ ಪೆಟ್‌ಗೆ ಇಂದಿಗೂ ಸರಿಸಾಟಿ ಇಲ್ಲದ ಒಂದು ಕೆಲಸ ಇದೆ: ಬದುಕಿರುವವರ ಮೆದುಳಿನ ರಾಸಾಯನಿಕಗಳನ್ನು ನೋಡುವುದು.

1983ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ವ್ಯಾಗ್ನರ್ ತಮ್ಮ ಮೆದುಳನ್ನೇ ಪ್ರಯೋಗಕ್ಕೆ ಒಡ್ಡಿ, ಡೋಪಮೈನ್ ಎಂಬ ರಾಸಾಯನಿಕ ಹೋಗಿ ಕೂರುವ ಗ್ರಾಹಕಗಳ ಚಿತ್ರ ತೆಗೆದರು. ಆಮೇಲೆ ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ಲಾರ್ಸ್ ಫಾರ್ಡೆ ಮುಂತಾದವರು ಇದನ್ನು ಔಷಧಿಗೆ ಅನ್ವಯಿಸಿದರು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಹಲವು ಔಷಧಿಗಳು ಡೋಪಮೈನ್ ಗ್ರಾಹಕಗಳನ್ನು ಮುಚ್ಚುತ್ತವೆ. ಅವುಗಳಲ್ಲಿ ಸುಮಾರು ಶೇಕಡಾ 65ರಿಂದ 80ರಷ್ಟು ಮುಚ್ಚಿದರೆ ಗುಣ ಕಾಣುತ್ತದೆ. ಅದಕ್ಕೂ ಮೇಲೆ ಹೋದರೆ ಕೈಕಾಲು ಬಿಗಿಯುವುದು, ನಡುಗುವುದು ಶುರುವಾಗುವ ಸಾಧ್ಯತೆ ಹೆಚ್ಚು. ಡೋಸ್ ಏರಿಸಿದಷ್ಟೂ ಒಳ್ಳೆಯದು ಎಂಬ ಹಳೆಯ ಯೋಚನೆಯನ್ನು ಇದು ತಿದ್ದಿತು. ಮನೆಯಲ್ಲಿ ಇಂಥ ಔಷಧಿ ತೆಗೆದುಕೊಳ್ಳುವವರಿದ್ದರೆ ಈ ಒಂದು ಅಂಕಿಯ ಬೆಲೆ ನಿಮಗೆ ಗೊತ್ತಾಗುತ್ತದೆ.

2001ರ ಇನ್ನೊಂದು ಅಧ್ಯಯನ ಕೆನಡಾದ ವ್ಯಾಂಕೂವರ್‌ನದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಡೋಪಮೈನ್ ಕಡಿಮೆಯಾಗುತ್ತದೆ. ಅಲ್ಲಿನ ರೋಗಿಗಳಿಗೆ ಔಷಧಿ ಇರಬಹುದು ಎಂದು ಹೇಳಿ, ಔಷಧಿಯೇ ಇಲ್ಲದ ಇಂಜೆಕ್ಷನ್ ಕೊಟ್ಟು ಪೆಟ್ ಮಾಡಿದಾಗ, ಅವರ ಮೆದುಳಿನಲ್ಲಿ ನಿಜವಾಗಿಯೇ ಡೋಪಮೈನ್ ಬಿಡುಗಡೆಯಾಗಿತ್ತು. 'ಅದೆಲ್ಲ ಬರೀ ಮನಸ್ಸಿನ ಭ್ರಮೆ' ಎಂದು ನಾವು ತಳ್ಳಿಹಾಕುವ ಪರಿಣಾಮಕ್ಕೂ ಮೆದುಳಿನಲ್ಲಿ ಅಳೆಯಬಹುದಾದ ಗುರುತು ಇದೆ. ಹಾಗೆಂದು ಖಾಲಿ ಇಂಜೆಕ್ಷನ್ನಿನಿಂದ ಕಾಯಿಲೆ ವಾಸಿಯಾಯಿತು ಎಂದಲ್ಲ; ಡೋಪಮೈನ್ ತಯಾರಿಸುವ ಕೋಶಗಳು ಸಾಯುವುದನ್ನು ಅದು ನಿಲ್ಲಿಸುವುದಿಲ್ಲ.

ಮರೆವು ಮತ್ತು ಪೆಟ್

ಅಜ್ಜಿಯಂಥವರ ವಿಷಯಕ್ಕೆ ಬರೋಣ. ಅಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನ ಪಕ್ಕದ ಮತ್ತು ಹಿಂದಿನ ಕೆಲವು ಭಾಗಗಳು ಸಕ್ಕರೆ ಬಳಸುವುದು ಕಡಿಮೆಯಾಗುತ್ತದೆ. ಸ್ವಭಾವ, ಮಾತು ಮೊದಲು ಕೆಡುವ ಇನ್ನೊಂದು ಬಗೆಯ ಮರೆಗುಳಿತನದಲ್ಲಿ ಮುಂಭಾಗ ಮತ್ತು ಕಪಾಲದ ಪಕ್ಕದ ಮುಂತುದಿಯಲ್ಲಿ ಹೀಗಾಗುತ್ತದೆ. ಎರಡರಲ್ಲಿ ಯಾವುದು ಎಂಬ ಗೊಂದಲವಿದ್ದಾಗ ಎಫ್‌ಡಿಜಿ ಪೆಟ್ ನೆರವಾಗುತ್ತದೆ.

ಅಲ್‌ಝೈಮರ್‌ನ ಇನ್ನೊಂದು ಗುರುತು ಅಮೈಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು. 20ನೇ ಶತಮಾನದುದ್ದಕ್ಕೂ ಇವನ್ನು ನೋಡಬೇಕಾದರೆ ಸತ್ತ ಮೇಲೆ ಮೆದುಳನ್ನು ಕತ್ತರಿಸಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಇಡುವುದೇ ಸಾಮಾನ್ಯ ದಾರಿಯಾಗಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಹಾಗೆ ಹಚ್ಚುವ ಒಂದು ಬಣ್ಣವನ್ನೇ ಬದಲಿಸಿ, ಅಮೈಲಾಯ್ಡ್‌ಗೆ ಹೋಗಿ ಅಂಟುವ ಪೆಟ್ ವಸ್ತುವನ್ನು ಮಾಡಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಅದನ್ನು ಮೊದಲ ಸಲ ರೋಗಿಗೆ ಕೊಟ್ಟರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್‌ಝೈಮರ್‌ಗೆ ಈಚೆಗೆ ಬಂದಿರುವ ಲೆಕನೆಮ್ಯಾಬ್‌ನಂಥ ಔಷಧಿಗಳನ್ನು ಕೊಡುವ ಮೊದಲು ಅಮೈಲಾಯ್ಡ್ ಇದೆ ಎಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕಿರುವ ದಾರಿಗಳಲ್ಲಿ ಪೆಟ್ ಒಂದು.

ಆದರೆ ಇಲ್ಲೊಂದು ಎಚ್ಚರಿಕೆ. ನೆನಪು ಚೆನ್ನಾಗಿಯೇ ಇರುವ ವಯಸ್ಸಾದವರಲ್ಲೂ ಅಮೈಲಾಯ್ಡ್ ಕಾಣಬಹುದು, ವಯಸ್ಸು ಏರಿದಂತೆ ಹೀಗೆ ಕಾಣುವವರ ಪಾಲೂ ಏರುತ್ತದೆ. ಆದ್ದರಿಂದ ಅಮೈಲಾಯ್ಡ್ ಇದೆ ಎಂದ ಮಾತ್ರಕ್ಕೆ ಮರೆವಿಗೆ ಅದೇ ಕಾರಣ ಎಂದಾಗುವುದಿಲ್ಲ. ಇಲ್ಲ ಎಂದು ಬಂದರೆ ಮಾತ್ರ ಕಾರಣ ಅಲ್‌ಝೈಮರ್ ಅಲ್ಲದಿರುವ ಸಾಧ್ಯತೆ ಬಹಳ ಹೆಚ್ಚು, ಬೇರೆ ಕಾರಣ ಹುಡುಕಬೇಕು. ಆದರೂ ಮರೆವು ನಾಟಕ ಎಂದು ಅರ್ಥವಲ್ಲ. ಅತ್ತೆಯ ಭಯಕ್ಕೆ ಉತ್ತರ ಇಲ್ಲಿದೆ.

ಪೆಟ್ ಬಹಳ ಉಪಯೋಗಕ್ಕೆ ಬರುವ ಇನ್ನೊಂದು ಕಡೆ ಔಷಧಿಗೆ ಬಗ್ಗದ ಮೂರ್ಛೆರೋಗ. ಮೂರ್ಛೆ ಬರದ ಹೊತ್ತಿನಲ್ಲಿ ಅದರ ಮೂಲದ ಜಾಗ ಸುತ್ತಲಿನದಕ್ಕಿಂತ ಕಡಿಮೆ ಸಕ್ಕರೆ ಬಳಸುತ್ತಿರುತ್ತದೆ. ಎಂಆರ್‌ಐನಲ್ಲಿ ಏನೂ ಕಾಣದಿದ್ದಾಗ ಶಸ್ತ್ರಚಿಕಿತ್ಸೆಗೆ ಮೊದಲು ಈ ಸುಳಿವು ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪೆಟ್ ಮತ್ತು ಎಂಆರ್‌ಐ ಎರಡನ್ನೂ ಒಟ್ಟಿಗೆ ಮಾಡುವ ಯಂತ್ರವಿದೆ.

ಹಾಗಾದರೆ ಆ ಖಿನ್ನತೆಯ ಚಿತ್ರ?

ಖಿನ್ನತೆ ಇರುವ ಹಲವರ ಸರಾಸರಿ ತೆಗೆದು, ಇಲ್ಲದ ಹಲವರ ಸರಾಸರಿ ಜೊತೆ ಹೋಲಿಸಿದರೆ ಕೆಲವು ಭಾಗಗಳಲ್ಲಿ ವ್ಯತ್ಯಾಸ ಕಾಣುವುದು ನಿಜ. ಆದರೆ ಎರಡು ಗುಂಪಿನ ಸರಾಸರಿ ಬೇರೆ ಎಂದ ಮಾತ್ರಕ್ಕೆ ಒಬ್ಬೊಬ್ಬರನ್ನೂ ಹಾಗೆ ಬೇರ್ಪಡಿಸಲು ಬರುವುದಿಲ್ಲ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಹೆಚ್ಚು. ಹಾಗೆಂದು 'ಎತ್ತರ 165 ಸೆಂಟಿಮೀಟರ್' ಎಂದಷ್ಟೇ ಹೇಳಿದರೆ ಅದು ಗಂಡಸೋ ಹೆಂಗಸೋ ಎಂದು ಹೇಳಬಲ್ಲಿರಾ? ವಾಟ್ಸಾಪ್ ಚಿತ್ರದಲ್ಲಿರುವುದು ಎರಡೇ ಮೆದುಳು. ವ್ಯತ್ಯಾಸ ಎದ್ದು ಕಾಣುವಂಥ ಎರಡನ್ನು ಆರಿಸಿದರೆ ಯಾವ ಕಥೆಯನ್ನಾದರೂ ಹೇಳಬಹುದು. ಇವತ್ತಿಗೂ ಖಿನ್ನತೆಯನ್ನು ಪೆಟ್ ಮಾಡಿಸಿ ಪತ್ತೆ ಮಾಡುವುದಿಲ್ಲ. ಮನೋವೈದ್ಯರು ಕೂರಿಸಿಕೊಂಡು ಮಾತನಾಡಿಸಿಯೇ ತಿಳಿಯುತ್ತಾರೆ.

ಈ ಚಿತ್ರ ಹಂಚುವವರ ಉದ್ದೇಶ ಒಳ್ಳೆಯದೇ ಇರಬಹುದು. 'ನೋಡಿ, ಖಿನ್ನತೆ ಸೋಮಾರಿತನವಲ್ಲ, ನಿಜವಾದ ಕಾಯಿಲೆ' ಎಂದು ಹೇಳುವುದು ಅವರ ಆಸೆ. ಆದರೆ ಅದಕ್ಕೆ ಇನ್ನೊಂದು ಮುಖವಿದೆ. ನಾಳೆ ಒಬ್ಬರ ಸ್ಕ್ಯಾನ್ ಚೆನ್ನಾಗಿಯೇ ಇದ್ದರೆ ಅವರ ಸಂಕಟ ಸುಳ್ಳೆಂದು ಹೇಳುತ್ತೇವೆಯೇ?

ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಹೆಂಡತಿಯನ್ನು ಕೊಂದ ಆರೋಪ ಹೊತ್ತ ಹರ್ಬರ್ಟ್ ವೈನ್‌ಸ್ಟೀನ್ ಎಂಬಾತನ ವಕೀಲರು ಆತನ ಮೆದುಳಿನಲ್ಲಿದ್ದ ನೀರ್ಗುಳ್ಳೆಯ ಪೆಟ್ ಚಿತ್ರ ಮುಂದಿಟ್ಟರು. ನ್ಯಾಯಾಧೀಶರು ಚಿತ್ರ ತೋರಿಸಲು ಒಪ್ಪಿದರು, ಆದರೆ ಅಂಥ ಗುಳ್ಳೆಯೇ ಹಿಂಸೆಗೆ ಕಾರಣ ಎಂದು ಸಾಕ್ಷ್ಯ ಹೇಳಲು ಬಿಡಲಿಲ್ಲ. ನಮ್ಮಲ್ಲಿ ಪೊಲೀಸ್ ತನಿಖೆಯ ಸುದ್ದಿಯಲ್ಲಿ ಬರುವ 'ಬ್ರೈನ್ ಮ್ಯಾಪಿಂಗ್' ಬೇರೆ; ಅದು ತಲೆಯ ಮೇಲಿನ ವಿದ್ಯುತ್ ಸಂಕೇತಗಳನ್ನು ಅಳೆಯುವ ಪರೀಕ್ಷೆ, ಪೆಟ್ ಅಲ್ಲ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಬ್ಬರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು.

ಮಾಡಿಸುವ ಮೊದಲು ತಿಳಿದಿರಬೇಕಾದದ್ದು

ವಿಕಿರಣದ ಭಯ ಹಲವರಿಗಿದೆ. ಎಫ್‌ಡಿಜಿಯಿಂದ ಬರುವ ವಿಕಿರಣ, ಕೊಡುವ ಪ್ರಮಾಣಕ್ಕೆ ತಕ್ಕಂತೆ, ಸುಮಾರು 4ರಿಂದ 7 ಮಿಲಿಸೀವರ್ಟ್. ಜೊತೆಗೆ ಸಿಟಿ ಮಾಡಿದರೆ ಸ್ವಲ್ಪ ಸೇರುತ್ತದೆ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಅಗತ್ಯವಿದ್ದಾಗ ಹೆದರುವಷ್ಟು ಅಲ್ಲ, ಕುತೂಹಲಕ್ಕೆ ಮಾಡಿಸಿಕೊಳ್ಳುವಷ್ಟು ಹಗುರವೂ ಅಲ್ಲ. ಸುಮಾರು 18 ಗಂಟೆಯ ಹೊತ್ತಿಗೆ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಂದು ಗರ್ಭಿಣಿಯರು, ಚಿಕ್ಕ ಮಕ್ಕಳ ಹತ್ತಿರ ಎಷ್ಟು ಹೊತ್ತು ಇರಬಾರದು ಎಂದು ಆಸ್ಪತ್ರೆಯವರು ಹೇಳುತ್ತಾರೆ, ಪಾಲಿಸಿ.

ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ರಕ್ತದಲ್ಲಿ ನಿಜವಾದ ಸಕ್ಕರೆ ಹೆಚ್ಚಿದ್ದರೆ ನಕಲಿ ಸಕ್ಕರೆಗೆ ಜಾಗ ಸಿಗದೆ ಚಿತ್ರ ಕೆಡುತ್ತದೆ. ಕೆಲವು ಗಂಟೆ ಉಪವಾಸ ಇರಿ ಎನ್ನುವುದೂ ಇದಕ್ಕೇ.

ಇನ್ನೊಂದು ಮಾತು. ಕ್ಯಾನ್ಸರ್‌ಗೆಂದು ಇಡೀ ಮೈಯ ಪೆಟ್ ಮಾಡಿಸಿದವರ ಮನೆಯವರು ಚಿತ್ರದಲ್ಲಿ ತಲೆ ದಟ್ಟವಾಗಿರುವುದನ್ನು ನೋಡಿ 'ಮೆದುಳಿಗೂ ಹರಡಿದೆಯೇ' ಎಂದು ಎದೆಗುಂದುತ್ತಾರೆ. ಮೆದುಳು ಸದಾ ಸಕ್ಕರೆ ತಿನ್ನುತ್ತಲೇ ಇರುವುದರಿಂದ ಎಲ್ಲರ ಚಿತ್ರದಲ್ಲೂ ಹಾಗೇ ಕಾಣುತ್ತದೆ. ಎಫ್‌ಡಿಜಿ ಮೂತ್ರದಲ್ಲಿ ಹೋಗುವುದರಿಂದ ಮೂತ್ರಕೋಶವೂ ದಟ್ಟವಾಗಿರುತ್ತದೆ. ಚಿತ್ರ ನೋಡಿ ಹೆದರಬೇಡಿ, ವರದಿಯನ್ನು ವೈದ್ಯರಿಂದ ಓದಿಸಿ.

ನಮ್ಮ ಅಜ್ಜಿಯನ್ನು ಕೊನೆಗೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಚಿಕ್ಕಪ್ಪ ಮೊಬೈಲ್ ತೆಗೆದು ಆ ಚಿತ್ರವನ್ನೂ ತೋರಿಸಿದರು. ಅವರು ನಕ್ಕು, ಮೊದಲು ಅಜ್ಜಿಯನ್ನೇ ಇಪ್ಪತ್ತು ನಿಮಿಷ ಮಾತನಾಡಿಸಿದರು. ಬಿ12, ಥೈರಾಯ್ಡ್ ಪರೀಕ್ಷೆ ಮತ್ತು ಒಂದು ಎಂಆರ್‌ಐ ಬರೆದುಕೊಟ್ಟರು. ಪೆಟ್ ಬೇಡವೇ ಎಂದು ಚಿಕ್ಕಪ್ಪ ಮತ್ತೆ ಕೇಳಿದಾಗ ಅವರೇ ಒಂದು ಪ್ರಶ್ನೆ ಕೇಳಿದರು: "ಅದರಲ್ಲಿ ಹೀಗೆ ಬಂದರೆ ಏನು ಮಾಡ್ತೀವಿ, ಹಾಗೆ ಬಂದರೆ ಏನು ಮಾಡ್ತೀವಿ? ಎರಡಕ್ಕೂ ಉತ್ತರ ಒಂದೇ ಆದರೆ ಈಗ ಯಾಕೆ?"

ಬಿ12 ತುಂಬ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾದ ಮೇಲೆ ಅಜ್ಜಿಗೆ ಸುಸ್ತು ಹೋಗಿದೆ, ಮರೆವು ಒಂದಷ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮುಂದಿನ ಸಲ ನೋಡಿ ಪೆಟ್ ಬೇಕೋ ಬೇಡವೋ ಹೇಳುತ್ತೇನೆ ಎಂದಿದ್ದಾರೆ. ಈಗ ಹಾಲು ಕಾಯಿಸುವಾಗ ಯಾರಾದರೊಬ್ಬರು ಅಡುಗೆಮನೆಯಲ್ಲಿ ಇರುತ್ತೇವೆ. ನಾಲ್ಕನೇ ಸಲ ಕೇಳಿದ ಪ್ರಶ್ನೆಗೂ ಮೊದಲ ಸಲದ ಹಾಗೇ ಉತ್ತರ ಕೊಡಲು ಚಿಕ್ಕಪ್ಪ ಕಲಿಯುತ್ತಿದ್ದಾರೆ.